ದಂಡ, ದಂಡು, ದಂಡನೆ

ಮಧುಗಿರಿಯ ಮಾರಮ್ಮನನ್ನು ಜನ ದಂಡಿನ ಮಾರಮ್ಮನೆಂದು ಕರೆಯುತ್ತಾರೆ. ದಂಡೆಂದರೆ ಸೈನ್ಯ; ಪಾಳೆಯಗಾರರ, ಮೊಗಲರ, ಮರಾಠರ, ಹೈದರಾಲಿಯ ದಂಡುಗಳು ಒಂದರ ಬೆನ್ನಿಗೊಂದು ಹಾದುಹೋದ, ಸುಬಾ ಪಟ್ಟಣವಾಗಿ ಮೆರೆದ ಶಿರಾವನ್ನು ಮಗ್ಗುಲಲ್ಲೇ ಇಟ್ಟುಕೊಂಡ ಈ ಸೀಮೆಯಲ್ಲಿ ದೇವಿಯ ಹೆಸರಿಗೂ ದಂಡಿನ ನಂಟು ಅಂಟಿಕೊಂಡದ್ದು ಸೋಜಿಗವೇನಲ್ಲ. ಆದರೆ ಆ ದಂಡೂ, ಟಿಕೆಟ್ಟಿಲ್ಲದೆ ಬಸ್ಸಿನಲ್ಲಿ ಸಿಕ್ಕಿಬಿದ್ದವನು ತೆರುವ ದಂಡವೂ, ಯತಿಯ ಕೈಯಲ್ಲಿರುವ ದಂಡವೂ, ಸೆಷನ್ಸ್ ನ್ಯಾಯಾಧೀಶರು ವಿಧಿಸುವ ಮರಣದಂಡನೆಯೂ ಒಂದೇ ಬೇರಿನ ಕವಲುಗಳೆಂಬುದನ್ನು ನೆನೆದಾಗ, ಒಂದು ಕೋಲು ಇಷ್ಟು ದೂರ ನಡೆದು ಬಂದಿತೇ ಎಂದು ಬೆರಗಾಗದಿರದು.

ಕ್ಯಾತಗಾನಚೆರ್ಲು ಮೊದಲಾದ ನಮ್ಮ ಗಡಿನಾಡಿನ ಊರುಗಳಲ್ಲಿ, ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕೂತು ಮಾತಾಡುವ ಕಡೆ, ಈ ಶಬ್ದಕ್ಕೆ ಇನ್ನೂ ಎರಡು ಬಾಳುಗಳುಂಟು. ತೆಲುಗಿನಲ್ಲಿ ದಂಡವೆಂದರೆ ಕೈಮುಗಿಯುವುದು; ಹಿರಿಯರು ಎದುರಾದರೆ ‘ದಂಡಾಲು ಸಾಮೀ’ ಎಂಬುದು ನಮಸ್ಕಾರ. ಅದೇ ಬಾಯಿ ಮರುಕ್ಷಣ ‘ಅಂತಾ ದಂಡಗ’ ಎಂದರೆ ಎಲ್ಲವೂ ವ್ಯರ್ಥವೆಂದರ್ಥ. ಕನ್ನಡದವರಾದ ನಾವೂ ಹಿಂದೆ ಬಿದ್ದಿಲ್ಲ: ಪರೀಕ್ಷೆಯಲ್ಲಿ ನಪಾಸಾದ ಮಗನನ್ನು ಕುರಿತು ತಾಯಿ ‘ಕಟ್ಟಿದ ಫೀಸೆಲ್ಲಾ ದಂಡ ಆಯ್ತು’ ಎನ್ನುತ್ತಾಳೆ, ಕೆಲಸಕ್ಕೆ ಬಾರದವನಿಗೆ ದಂಡಪಿಂಡವೆಂಬ ಬಿರುದನ್ನೂ ಕೊಡುತ್ತೇವೆ. ಪಾವಗಡದ ಕೆಂಪು ನೆಲದಲ್ಲಿ ಸಾಲ ತಂದು ಕಡ್ಲೆಕಾಯಿ ಬಿತ್ತಿ, ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು, ಕಿತ್ತ ಬಳ್ಳಿಯ ಬುಡದಲ್ಲಿ ಮೂರೋ ನಾಲ್ಕೋ ಜೊಳ್ಳು ಕಾಯಿಗಳನ್ನು ಕಂಡ ರೈತನು ‘ಬೀಜಾನೂ ದಂಡ, ಗೇದಿದ್ದೂ ದಂಡ’ ಎನ್ನುವಾಗ, ಯಾವ ಅಪರಾಧಕ್ಕೂ ಅಲ್ಲದೆ ತೆತ್ತದ್ದು ಎಂಬ ಹಳೆಯ ಅರ್ಥ ಆ ಮಾತಿನ ಒಳಗೆ ಇನ್ನೂ ಜೀವಂತವಾಗಿದೆ. ಶಿಕ್ಷೆಗೂ ನಷ್ಟಕ್ಕೂ ಒಂದೇ ಹೆಸರಿಟ್ಟ ಜನ ಶಿಕ್ಷೆಯ ವಿಷಯವಾಗಿ ಏನನ್ನೋ ಬಲ್ಲವರಾಗಿರಬೇಕು.

ಈ ಶಬ್ದಕ್ಕೆ ಅಪಕಾರವಾದದ್ದು ವಿದ್ಯಾವಂತರಿಂದಲೇ. ‘ದಂಡಂ ದಶಗುಣಂ’ ಎಂಬ ನುಡಿಯನ್ನು ಬೆತ್ತದೊಡನೆ ಬೀಸಿದ ಉಪಾಧ್ಯಾಯರು ಎಷ್ಟು ಮಂದಿಯೋ! ಅಪರಾಧಿಗಳನ್ನು ಬಿಗಿಯಾಗಿ ದಂಡಿಸಬೇಕೆಂದು ಭಾಷಣ ಮಾಡುವವರು ಈಗಲೂ ಅದನ್ನೇ ಉದ್ಧರಿಸುತ್ತಾರೆ. ಆದರೆ ಆ ಸುಭಾಷಿತವನ್ನು ಪೂರ್ತಿಯಾಗಿ ಓದಿದವರಿಗೆ ಕಾಣುವುದೇ ಬೇರೆ. ಹಕ್ಕಿ, ನಾಯಿ, ಶತ್ರು, ಹಾವು, ದನ ಇವು ಎದುರಾದಾಗ, ಕೆಸರಿನಲ್ಲಿ, ನೀರಿನಲ್ಲಿ, ಕುರುಡಿನಲ್ಲಿ, ಕತ್ತಲಲ್ಲಿ, ಮುಪ್ಪಿನಲ್ಲಿ ಕೋಲು ನೆರವಾಗುತ್ತದೆಂಬುದಷ್ಟೇ ಅದರ ತಾತ್ಪರ್ಯ. ಹತ್ತು ಗುಣಗಳೂ ದಾರಿಹೋಕನ ಊರುಗೋಲಿನವು. ತಪ್ಪು ಮಾಡಿದವನ ಬೆನ್ನಿನ ಪ್ರಸ್ತಾಪ ಅಲ್ಲಿ ಎಲ್ಲಿಯೂ ಇಲ್ಲ.

ದಂಡಕ್ಕೆ ಅಳತೆಗೋಲೆಂಬ ಅರ್ಥವೂ ಉಂಟಷ್ಟೆ; ನಾಲ್ಕು ಮೊಳಕ್ಕೆ ಒಂದು ದಂಡ. ದಂಡನೀತಿಯನ್ನು ಬರೆದ ಕೌಟಿಲ್ಯನು, ಕಠೋರನೆಂಬ ಖ್ಯಾತಿಯುಳ್ಳವನಾಗಿದ್ದೂ, ತೀಕ್ಷ್ಣವಾಗಿ ದಂಡಿಸುವ ದೊರೆಯನ್ನು ಕಂಡರೆ ಪ್ರಜೆಗಳು ತಲ್ಲಣಿಸುವರೆಂದೂ, ಮೃದುವಾಗಿ ದಂಡಿಸುವವನನ್ನು ತಿರಸ್ಕರಿಸುವರೆಂದೂ, ತಕ್ಕಷ್ಟು ದಂಡಿಸುವವನನ್ನು ಮಾತ್ರ ಗೌರವಿಸುವರೆಂದೂ ಹೇಳಿದನು. ಆ ‘ತಕ್ಕಷ್ಟು’ ಎಷ್ಟು ಎಂಬುದೇ ಇಂದಿನವರೆಗಿನ ವಿವಾದವೆಲ್ಲ.

1862ರಿಂದ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆ 2024ರ ಜುಲೈ 1ರಂದು ತೆರೆಮರೆಗೆ ಸರಿದು ಭಾರತೀಯ ನ್ಯಾಯ ಸಂಹಿತೆಗೆ ಎಡೆಗೊಟ್ಟಿತು. ಶಿಕ್ಷೆಯ ಬದಲು ನ್ಯಾಯವನ್ನು ಮುಂದಿಡುವುದೇ ಉದ್ದೇಶವೆಂದು ಸರ್ಕಾರ ಸಾರಿತು, ಸಂತೋಷ. ಆದರೆ ಹೊದಿಕೆಯ ಮೇಲಿಂದ ದಂಡ ಅಳಿಸಿಹೋದರೂ ಒಳಗೆ ಮರಣದಂಡನೆಗೆ ಗುರಿಯಾಗಬಹುದಾದ ಅಪರಾಧಗಳ ಪಟ್ಟಿ ಬೆಳೆದಿದೆ: ಗುಂಪುಕೊಲೆ, ಸಾವಿಗೆ ಕಾರಣವಾಗುವ ಸಂಘಟಿತ ಅಪರಾಧ ಮತ್ತು ಭಯೋತ್ಪಾದನೆ, ಹದಿನೆಂಟು ತುಂಬದ ಬಾಲೆಯ ಮೇಲಿನ ಸಾಮೂಹಿಕ ಅತ್ಯಾಚಾರ. 2015ರಲ್ಲಿ ಕಾನೂನು ಆಯೋಗವು ತನ್ನ 262ನೆಯ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧವನ್ನು ಬಿಟ್ಟು ಉಳಿದೆಲ್ಲಕ್ಕೂ ಗಲ್ಲನ್ನು ಕೈಬಿಡಿರೆಂದು ಹೇಳಿದ್ದನ್ನು ಯಾರೂ ಹೆಚ್ಚಾಗಿ ನೆನೆದಂತೆ ತೋರಲಿಲ್ಲ.

ಕನ್ನಡ ನಾಡಿನ ಮರಣದಂಡನೆಗಳಲ್ಲಿ ನನ್ನ ಮನಸ್ಸನ್ನು ಬಿಟ್ಟುಹೋಗದಿರುವುದು ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ಕಲ್ಲಿನಲ್ಲಿದೆ. 1057ರ ಆ ಶಾಸನ ಹೇಳುವಂತೆ, ಏಚನೆಂಬವನು ಮಲ್ಲಯುದ್ಧದಲ್ಲಿ ತನ್ನ ದಾಯಾದಿಯನ್ನು ಕೊಂದನು. ಅರಸನು ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದನು. ಸುದ್ದಿ ಕೇಳಿದ ಹೆಂಡತಿ ದೇಕಬ್ಬೆ, ಹೆತ್ತವರೂ ಬಂಧುಗಳೂ ಬೇಡಿಕೊಂಡರೂ ಕೇಳದೆ, ಬೆಂಕಿಯನ್ನು ಹೊಕ್ಕಳು. ಶಾಸನವನ್ನು ಬರೆಸಿದವರಿಗೆ ಅದು ಸತಿಯ ಮಹಿಮೆ. ನನಗೆ ಕಾಣುವುದು, ಒಬ್ಬನಿಗೆ ವಿಧಿಸಿದ ದಂಡವನ್ನು ಇನ್ನೊಬ್ಬಳು ತೆತ್ತಳೆಂಬುದು. ಅದಕ್ಕೆ ಹೋಲಿಸಿದರೆ ನಮ್ಮ ಮಧುಗಿರಿ ದುರ್ಗದ ಕಥೆ ಮೇಲು: 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ರಾಣಿ ವೀರಮ್ಮಾಜಿಯನ್ನು ಇಲ್ಲಿ ಸೆರೆಯಿಟ್ಟನು, 1767ರಲ್ಲಿ ಮಾಧವರಾಯ ಪೇಶ್ವೆಯ ದಂಡು ಬಂದು ಬಿಡಿಸಿತು. ಆ ಹೆಂಗಸನ್ನು ಹೊರಗೆ ತರಲು ಸಾಧ್ಯವಾದದ್ದು, ಆಕೆಗೆ ಬಿದ್ದದ್ದು ಸೆರೆಯಾದ್ದರಿಂದ.

ಇಷ್ಟು ಹೇಳಿದ ಮಾತ್ರಕ್ಕೆ ಸತ್ತವರ ಮನೆಯವರ ಕೋಪವನ್ನು ನಾನು ಹಗುರವಾಗಿ ಕಾಣುತ್ತೇನೆಂದು ಭಾವಿಸಬಾರದು. 2005ರ ಫೆಬ್ರವರಿಯ ಒಂದು ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲೀಯರು ಎರಗಿ ಕೊಂದರಲ್ಲ, ಆ ಸುದ್ದಿ ಕೇಳಿದ ಈ ಸೀಮೆಯವನಾರೂ ಅಹಿಂಸೆಯ ಪಾಠವನ್ನು ಲೀಲಾಜಾಲವಾಗಿ ಒಪ್ಪಿಸಲಾರ. ಆದರೆ ಆ ಪ್ರಕರಣದ ಆಪಾದಿತರನ್ನು ಹಿಡಿಯುವ ಕೆಲಸ ಎಷ್ಟೋ ವರ್ಷಗಳ ತರುವಾಯವೂ ನಡೆಯುತ್ತಲೇ ಇತ್ತು. ಸಿಕ್ಕದವನಿಗೆ ಗಲ್ಲೂ ಒಂದೇ, ಮೂರು ತಿಂಗಳ ಸಜೆಯೂ ಒಂದೇ. ಶಿಕ್ಷೆಯ ಉಗ್ರತೆ ಅವನನ್ನು ಹೆದರಿಸುವುದಾದರೂ ಹೇಗೆ?

ಸಿಕ್ಕವರ ಪಾಡೂ ನೋಡತಕ್ಕದ್ದೇ. 1993ರ ಏಪ್ರಿಲ್ 9ರಂದು ಪಾಲಾರಿನಲ್ಲಿ ನೆಲಬಾಂಬಿನಿಂದ 22 ಜನರನ್ನು ಕೊಂದ ಪ್ರಕರಣದಲ್ಲಿ ವೀರಪ್ಪನ್ನನ ನಾಲ್ವರು ಸಹಚರರಿಗೆ 2004ರಲ್ಲಿ ಸುಪ್ರೀಂ ಕೋರ್ಟೇ ಗಲ್ಲನ್ನು ವಿಧಿಸಿತು. ದಯಾ ಅರ್ಜಿ ವರ್ಷಗಟ್ಟಲೆ ಕೊಳೆಯಿತೆಂಬ ಕಾರಣಕ್ಕೆ 2014ರ ಜನವರಿಯಲ್ಲಿ ಅದೇ ನ್ಯಾಯಾಲಯ ಅದನ್ನು ಜೀವಾವಧಿಗೆ ಇಳಿಸಿತು. ನಾಡನ್ನು ನಡುಗಿಸಿದ ಉಮೇಶ್ ರೆಡ್ಡಿಯನ್ನು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಸುಮಾರು ಹತ್ತು ವರ್ಷ ಒಂಟಿಕೋಣೆಯಲ್ಲಿಟ್ಟದ್ದು ನ್ಯಾಯವಿರೋಧವೆಂದು 2022ರ ನವೆಂಬರಿನಲ್ಲಿ ಅವನ ಗಲ್ಲೂ ತಪ್ಪಿತು. ಇದನ್ನೆಲ್ಲ ಓದಿ ‘ನ್ಯಾಯಾಲಯಗಳು ಮೆತ್ತಗಾದವು’ ಎಂದು ಗೊಣಗುವವರಿದ್ದಾರೆ. ನನಗಂತೂ ಇವು ಸರ್ಕಾರದ ಕೈ ನಡುಗಿದ ಕುರುಹುಗಳಾಗಿ ಕಾಣುತ್ತವೆ. ಕೊಲ್ಲುವುದೆಂದು ಹೇಳಿದ ಮೇಲೆ ಕೊಲ್ಲಲೂ ಆರದೆ ಬಿಡಲೂ ಆರದೆ, ದಿನದಿನವೂ ನೇಣನ್ನು ನೆನೆಯುತ್ತ ಕೂರುವಂತೆ ಮನುಷ್ಯನನ್ನು ಇಟ್ಟುಕೊಳ್ಳುವುದು ಯಾವ ಸಂಹಿತೆಯಲ್ಲಿಯೂ ಬರೆಯದ ಶಿಕ್ಷೆ.

ಅಳತೆಗೋಲಿನ ಮಾತಿಗೆ ಬಂದರೆ, ಬೆಂಗಳೂರಿನ ಸ್ವಾಮಿ ಶ್ರದ್ಧಾನಂದನ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಹೆಂಡತಿಯನ್ನು ಕೊಂದು ಮನೆಯ ಹಿತ್ತಿಲಲ್ಲೇ ಹೂತ ಅವನಿಗೆ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು, ಹೈಕೋರ್ಟು ದೃಢಪಡಿಸಿತು, ಸುಪ್ರೀಂ ಕೋರ್ಟಿಗೆ ಬಂದಾಗ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಸಾವೆಂದರು, ಒಬ್ಬರು ಬದುಕೆಂದರು. ಸಾಕ್ಷ್ಯ ಅದೇ, ಕಾನೂನು ಅದೇ, 1980ರಲ್ಲಿ ಬಚನ್ ಸಿಂಗ್ ಮೊಕದ್ದಮೆ ಹಾಕಿಕೊಟ್ಟ ‘ಅಪರೂಪದಲ್ಲಿ ಅಪರೂಪ’ವೆಂಬ ಗೆರೆಯೂ ಅದೇ. ಇಬ್ಬರು ಪ್ರಾಮಾಣಿಕರ ಕೈಯಲ್ಲಿ ಒಂದೇ ಕೋಲು ಎರಡು ಉದ್ದ ತೋರಿಸುವುದಾದರೆ ಅದರಿಂದ ಬಟ್ಟೆಯನ್ನೂ ಅಳೆಯಲಾಗದು, ಕೊರಳನ್ನು ಅಳೆಯುವುದು ಹಾಗಿರಲಿ. 2008ರ ಜುಲೈಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೊಸದೊಂದು ದಾರಿಯನ್ನು ಹಿಡಿದು, ಗಲ್ಲನ್ನು ತೆಗೆದು, ಉಸಿರಿರುವ ತನಕ ಬಿಡುಗಡೆಯಿಲ್ಲದ ಸೆರೆಯನ್ನು ವಿಧಿಸಿತು. ಹದಿನಾಲ್ಕು ವರ್ಷಕ್ಕೆ ಹೊರಬಂದುಬಿಡುತ್ತಾರೆಂಬ ಜನರ ಭಯಕ್ಕೆ ಆ ತೀರ್ಪಿನಲ್ಲಿ ಉತ್ತರವಿದೆ. ಮುಂದೆ ಎಂದಾದರೂ ತಪ್ಪು ಕಂಡುಬಂದರೆ ತಿದ್ದಿಕೊಳ್ಳಲು ಆಸ್ಪದವೂ ಇದೆ. ಕಠಿಣ ಶಿಕ್ಷೆ ಬೇಕೆನ್ನುವವರು ನನ್ನನ್ನು ಕೇಳಿದರೆ ಅಲ್ಲಿಯವರೆಗೆ ಅವರ ಜೊತೆ ಬರುತ್ತೇನೆ, ಅದರಾಚೆಗೆ ಬರಲಾರೆ.