ಹಗುರ ವಿಮಾನಗಳ ಯೋಗ್ಯತಾಪತ್ರ ಮತ್ತು ಅದರ ವೆಚ್ಚ

ಆಕಾಶಯಾನದ ಚರಿತ್ರೆಯಲ್ಲಿ ಶ್ರೀರಂಗಪಟ್ಟಣದ ಹೆಸರು ಬರುವುದು ಹೈದರ್ ಮತ್ತು ಟಿಪ್ಪುವಿನ ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಂದ. ಅವನ್ನು ಕುರಿತು ಬೇಕಾದಷ್ಟು ಬರೆದಾಗಿದೆ. ಮನುಷ್ಯನು ತಾನೇ ಏರಿ ಹಾರಬಲ್ಲ ಚಿಕ್ಕ ವಿಮಾನವನ್ನು ಈ ಸೀಮೆಯಲ್ಲಿಯೇ ನಿರ್ಮಿಸಿ, ಅದು ಸುರಕ್ಷಿತವೆಂದು ಸರ್ಕಾರದ ಒಪ್ಪಿಗೆ ಪಡೆದ ಕಥೆಯಾದರೋ ಅಷ್ಟು ಪ್ರಸಿದ್ಧವಲ್ಲ. ಆ ಒಪ್ಪಿಗೆಗೆ ತಗಲುವ ವೆಚ್ಚದ ದೃಷ್ಟಿಯಿಂದ ಅದನ್ನು ಇಲ್ಲಿ ವಿಚಾರಮಾಡುತ್ತೇವೆ.

1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ, ವಿ. ಎಂ. ಘಾಟಗೆಯವರ ಕಾಲದಲ್ಲಿ ಸಿದ್ಧವಾದ ‘ಪುಷ್ಪಕ’ವು 1958ರಲ್ಲಿ ಮೊದಲು ಹಾರಿತು. ಎರಡು ಆಸನ, 90 ಅಶ್ವಶಕ್ತಿಯ ಯಂತ್ರ. ಅಮೆರಿಕೆಯ ಏರಾಂಕಾ ಚೀಫ್ ವಿಮಾನವನ್ನು ಅದು ಬಹುಮಟ್ಟಿಗೆ ಹೋಲುತ್ತಿತ್ತು. ಇದನ್ನು ಕುಂದೆಂದು ಎಣಿಸುವುದು ಸಮಂಜಸವಲ್ಲ. ಪರಿಚಿತ ವಿನ್ಯಾಸವನ್ನು ಅನುಸರಿಸಿದವನು ಹೊಸದಾಗಿ ಸಾಧಿಸಿ ತೋರಿಸಬೇಕಾದುದು ಕಡಿಮೆ. ಹಾರಾಟದ ಕ್ಲಬ್ಬುಗಳಿಗಾಗಿ ಸುಮಾರು 160 ಪುಷ್ಪಕಗಳು ತಯಾರಾದವು.

ಈ ಸಂಖ್ಯೆಯ ಮಹತ್ವವನ್ನು ವಾಚಕರು ಗಮನಿಸಬೇಕು. ವಿಮಾನದ ಮಾದರಿಯೊಂದಕ್ಕೆ ಯೋಗ್ಯತಾಪತ್ರ ದೊರೆಯಬೇಕಾದರೆ, ಸೇವೆಯಲ್ಲಿ ಬರಬಹುದಾದ ಗರಿಷ್ಠ ಭಾರದ ಒಂದೂವರೆಯಷ್ಟನ್ನು ಅದರ ಅಂಗಗಳು ತಾಳುವುವೆಂದು ಸ್ಥಾಪಿಸಬೇಕು, ವೇಗ ಕುಂದಿ ರೆಕ್ಕೆಯ ಎತ್ತುವ ಶಕ್ತಿ ತಪ್ಪಿದಾಗ ಅದು ಹೇಗೆ ವರ್ತಿಸುವುದೆಂದು ಹಾರಿ ತೋರಿಸಬೇಕು, ಎಲ್ಲಕ್ಕೂ ಲೆಕ್ಕಪತ್ರಗಳಿರಬೇಕು. ಹತ್ತು ವಿಮಾನ ಕಟ್ಟಿದರೂ ಸಾವಿರ ಕಟ್ಟಿದರೂ ಈ ಖರ್ಚು ಹೆಚ್ಚುಕಡಿಮೆ ಒಂದೇ. ಅದು ಬೆಲೆಯಲ್ಲಿ ಸೇರಿ, ಕ್ಲಬ್ಬಿನ ಶುಲ್ಕದಲ್ಲಿ ಇಳಿದು, ಕೊನೆಗೆ ನಾಗಮಂಗಲದಿಂದಲೋ ಕೃಷ್ಣರಾಜಪೇಟೆಯಿಂದಲೋ ಜಕ್ಕೂರಿಗೆ ಹಾರಲು ಕಲಿಯಬಂದ ಬೇಸಾಯಗಾರನ ಮಗನ ತಲೆಯ ಮೇಲೆ ಬೀಳುತ್ತದೆ.

ಈ ಹೊರೆಯನ್ನು ತಗ್ಗಿಸಲೆಂದೇ ಯೂರೋಪಿನವರು ‘ಅತಿ ಹಗುರ ವಿಮಾನ’ಗಳಿಗೆ ಪ್ರತ್ಯೇಕವಾದ ಸಂಕ್ಷಿಪ್ತ ನಿಯಮಾವಳಿಯನ್ನು ರಚಿಸಿದರು. ಒಂದೇ ಯಂತ್ರ, ಎರಡೇ ಆಸನ, 750 ಕಿಲೋಗ್ರಾಂ ಮೀರದ ತೂಕ, ಹಗಲಿನ ಹಾರಾಟ: ಇಷ್ಟಕ್ಕೆ ಒಪ್ಪಿದವನಿಗೆ ಕಟ್ಟಳೆಗಳು ಕಡಿಮೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಹಂಸ’ವು 1993ರಲ್ಲಿ ಮೊದಲು ಹಾರಿ, ಹಂಸ-3 ಎಂಬ ರೂಪದಲ್ಲಿ 2000ದಲ್ಲಿ ಈ ನಿಯಮಾವಳಿಯ ಮೇರೆಗೆ ಒಪ್ಪಿಗೆ ಪಡೆಯಿತು. ನಿಯಮ ಹಗುರವಾದರೂ ಏಳು ವರ್ಷ ಹಿಡಿಯಿತು. ಅದರ ಮೈ ಗಾಜಿನೆಳೆ ಮತ್ತು ರಾಳದ್ದು. ಬಿಸಿಲಿಗೂ ತೇವಕ್ಕೂ ಅಂತಹ ವಸ್ತುವಿನ ಬಲ ಕುಂದುವುದರಿಂದ ಲೋಹಕ್ಕೆ ಬೇಡವಾದ ಪರೀಕ್ಷೆಗಳು ಅದಕ್ಕೆ ಬೇಕು. ಆದರೆ ತಯಾರಾದ ಹಂಸ-3ಗಳು ಹದಿನೈದನ್ನು ಮೀರಲಿಲ್ಲ. ನಿಯಮದಲ್ಲಿ ಉಳಿದದ್ದು ಸಂಖ್ಯೆಯಲ್ಲಿ ಹೋಯಿತೆಂದು ನಮಗೆ ತೋರುತ್ತದೆ.

ಅಮೆರಿಕೆಯವರು 2004ರಲ್ಲಿ ಇನ್ನೂ ಮುಂದೆ ಹೋಗಿ, 600 ಕಿಲೋಗ್ರಾಂ ಒಳಗಿನ ಕ್ರೀಡಾವಿಮಾನಗಳಿಗೆ, ಉದ್ಯಮದವರೂ ಸರ್ಕಾರವೂ ಕೂಡಿ ಒಪ್ಪಿದ ಮಾನಕಗಳನ್ನು ಪಾಲಿಸಿದ್ದೇವೆಂದು ತಯಾರಕನೇ ಘೋಷಿಸಿದರೆ ಸಾಕೆಂದರು. ಖರ್ಚು ಇಳಿಯುವುದರಲ್ಲಿ ಸಂಶಯವಿಲ್ಲ. ಆದರೆ ತಯಾರಕನ ಮಾತನ್ನು ಪರೀಕ್ಷಿಸಬಲ್ಲ ಖರೀದಿದಾರರು ಅಲ್ಲಿರುವಷ್ಟು ಇಲ್ಲಿಲ್ಲವಾಗಿ, ಅದನ್ನು ಹಾಗೆಯೇ ತರುವುದು ಉಚಿತವೆಂದು ನಾವು ಹೇಳಲಾರೆವು.

ಹಂಸ-ಎನ್.ಜಿ. ಎಂಬ ಹೊಸ ರೂಪವು 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿತು. ಈ ಸಲ ತಯಾರಿಕೆಯನ್ನು ಖಾಸಗಿ ಸಂಸ್ಥೆಗೆ ವಹಿಸುವ ಏರ್ಪಾಡಾಗಿದೆ.