ನಲವತ್ತೆಂಟು ವೋಲ್ಟಿನಿಂದ ಎಂಟುನೂರರವರೆಗೆ

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ ಕಥೆಯನ್ನು ನನ್ನ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ. ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಲು ಹತ್ತಾರು ಸಾವಿರ ವೋಲ್ಟುಗಳನ್ನು ಬಳಸಬೇಕಾಯಿತು. ಅದರ ಕಾರಣವೇ ಇಂದಿನ ವಿದ್ಯುತ್ ಕಾರುಗಳ ಇತಿಹಾಸವನ್ನೂ ರೂಪಿಸಿದೆ.

ತರಗತಿಯ ಪಾಠವನ್ನು ನೆನಪಿಸಿಕೊಳ್ಳಿ. ವಿಭವಾಂತರವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. 100 ಕಿಲೋವ್ಯಾಟ್ ಸಾಗಿಸಲು 400 ವೋಲ್ಟಿನಲ್ಲಿ 250 ಆಂಪಿಯರ್ ಬೇಕು. 800 ವೋಲ್ಟಿನಲ್ಲಿ 125 ಸಾಕು. ಪ್ರವಾಹ ಅರ್ಧವಾದರೆ ಅದೇ ತಂತಿಯಲ್ಲಿ ಶಾಖ ಕಾಲುಭಾಗಕ್ಕಿಳಿಯುತ್ತದೆ. ಇಲ್ಲವೇ, ತಾಮ್ರದ ತಂತಿಯನ್ನು ತೆಳ್ಳಗಾಗಿಸಿ ಕಾರಿನ ಭಾರವನ್ನು ತಗ್ಗಿಸಬಹುದು.

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಕಾರಿನಲ್ಲಿ ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟು. ನಗರದೊಳಗಿನ ನಿಧಾನ ಸಂಚಾರಕ್ಕೆ ಅಷ್ಟು ಸಾಕಾಗಿತ್ತು. ಹೆಚ್ಚಿನ ವೇಗವನ್ನು ಬಯಸಿದವರು ಅದಕ್ಕೂ ಮೊದಲೇ ಮೇಲೇರಿದ್ದರು. ಅಮೆರಿಕದ ಜನರಲ್ ಮೋಟಾರ್ಸ್ 1996ರಲ್ಲಿ ಹೊರತಂದ ಇವಿ1 ಕಾರು 312 ವೋಲ್ಟಿನದು. ಮುಂದೆ ಲಿಥಿಯಂ ಅಯಾನ್ ಬ್ಯಾಟರಿಗಳು ಬಂದಾಗ 400 ವೋಲ್ಟಿನ ಆಸುಪಾಸು ವಾಡಿಕೆಯಾಯಿತು. 2019ರಲ್ಲಿ ಜರ್ಮನಿಯ ಪೋರ್ಷೆ ಕಂಪನಿಯ ಟೈಕಾನ್ 800 ವೋಲ್ಟಿನೊಡನೆ ಬಂದಿತು. ತಕ್ಕ ಚಾರ್ಜರ್ ದೊರೆತರೆ ಅದು ಆಗ 270 ಕಿಲೋವ್ಯಾಟ್‌ವರೆಗೆ ಹೀರಿಕೊಳ್ಳಬಲ್ಲುದಾಗಿತ್ತು. 2021ರಲ್ಲಿ ಕೊರಿಯಾದ ಹ್ಯುಂಡೈ ಸಹ ಅಯಾನಿಕ್ 5 ಕಾರಿನಲ್ಲಿ ಇದೇ ದಾರಿ ಹಿಡಿಯಿತು. 2025ರಲ್ಲಿ ಚೀನಾದ ಬಿವೈಡಿ ಕಂಪನಿ ಸಾವಿರ ವೋಲ್ಟಿನ ವ್ಯವಸ್ಥೆಯನ್ನು ಪ್ರಕಟಿಸಿತು.

ಆದರೆ ಪ್ರತಿಯೊಂದು ಲಾಭಕ್ಕೂ ಬೆಲೆ ಉಂಟು. ವಾಹನ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಗಳು ನೇರ ಪ್ರವಾಹದಲ್ಲಿ 60 ವೋಲ್ಟನ್ನು ಮೀರಿದ್ದನ್ನು ಅಪಾಯದ ವರ್ಗಕ್ಕೆ ಸೇರಿಸುತ್ತವೆ. ರೇವಾದ ಬ್ಯಾಟರಿ ಆ ಗೆರೆಯ ಒಳಗಿತ್ತು. ಇಂದಿನ ಕಾರುಗಳು ಅದನ್ನು ದಾಟಿ ಬಹುದೂರ ಸಾಗಿವೆ. ಅವುಗಳೊಳಗಿನ ಕಿತ್ತಳೆ ಬಣ್ಣದ ತಂತಿಗಳು ಅಲಂಕಾರಕ್ಕಲ್ಲ, ಎಚ್ಚರಿಕೆಗೆ. ಕಾರನ್ನು ಆರಿಸಿದರೂ ಬ್ಯಾಟರಿಯೊಳಗಿನ ವೋಲ್ಟೇಜ್ ಆರುವುದಿಲ್ಲ. ಕೆಪಾಸಿಟರುಗಳೂ ಕೆಲಕಾಲ ವಿದ್ಯುದಂಶವನ್ನು ಹಿಡಿದಿಟ್ಟುಕೊಂಡಿರುತ್ತವೆ.

ನನ್ನ ವಿದ್ಯಾರ್ಥಿಗಳಲ್ಲಿ ಗ್ಯಾರೇಜು ನಡೆಸುವವರಿದ್ದೀರಿ. ಪೆಟ್ರೋಲ್ ಎಂಜಿನನ್ನು ಕೈಯಿಂದ ಮುಟ್ಟಿ ನೋಡಿ ದೋಷ ಹೇಳುವ ನಿಮ್ಮ ಜಾಣ್ಮೆಯನ್ನು ನಾನು ಬಲ್ಲೆ. ಆದರೆ ಇಲ್ಲಿ ಮುಟ್ಟಿ ಕಲಿಯುವ ವಿದ್ಯೆ ನಡೆಯದು. ಮೊದಲು ತರಬೇತಿ ಪಡೆಯಿರಿ, ಇನ್ಸುಲೇಟೆಡ್ ಕೈಗವಸು ಧರಿಸಿರಿ, ಮೀಟರಿನಿಂದ ಅಳೆದು ವೋಲ್ಟೇಜ್ ಇಲ್ಲವೆಂದು ಖಚಿತವಾದ ಮೇಲೆಯೇ ಕೆಲಸಕ್ಕೆ ತೊಡಗಿರಿ. ನಿಮ್ಮ ಬಳಿ ಕೆಲಸ ಕಲಿಯುತ್ತಿರುವ ಹುಡುಗರಿಗೂ ಇದನ್ನೇ ಮೊದಲ ಪಾಠವಾಗಿ ಹೇಳಿಕೊಡಿ.