ಬುತ್ತಿ ಗಂಟು ಹಗೂರ ಯಾಕಿತ್ತು?

ಬ್ಯಾಸಿಗಿ ಸೂಟಿ ಬಂತಂದ್ರ ಎಲ್ಲಾರ ಮನ್ಯಾಗೂ ಒಂದ ಮಾತು: "ಎಲ್ಲೆರ ಒಂದು ದಿವಸ ಹೋಗಿ ಬರೋಣ." ಮುಂಜಾನೆ ಹೊರಟು ಸಂಜಿಕ್ಕ ಮನಿ ಸೇರೋ ಊರು ನಮ್ಮ ಕಡೆ ಬೇಕಾದಷ್ಟು ಅವ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಲಕ್ಕುಂಡಿ. ಹೋಗೋಣ ಅನ್ನೋರು ಎಲ್ಲಾರೂ, ಚೀಲ ತುಂಬೋರು ಮಾತ್ರ ನಾವು ಹೆಣ್ಣಮಕ್ಕಳು. ಆ ಚೀಲ ವರ್ಷದಿಂದ ವರ್ಷಕ್ಕ ದೊಡ್ಡದ ಆಗ್ಲಿಕತ್ತದ. ನಮ್ಮ ಅಜ್ಜಿ ಕಾಲದವರು ಒಂದು ಗಂಟು, ಒಂದು ತಂಬಿಗಿ ಹಿಡಕೊಂಡು ದಿನಪೂರ್ತಿ ಬಿಸಲಾಗ ತಿರುಗಿ ಬರತಿದ್ರಲ್ಲಾ, ಅದು ಹೆಂಗ? ಅವರು ಶಾಣ್ಯಾ ಇದ್ರು ಅನ್ನೋದು ಅರ್ಧ ಉತ್ತರ ಅಷ್ಟ. ಉಳಿದರ್ಧ ಅವರು ನಡದ ದಾರಿಯೊಳಗ ಇತ್ತು.

ಮದಲ ಆ ಗಂಟು ಬಿಚ್ಚಿ ನೋಡೋಣ ಬರ್ರಿ. 'ಬುತ್ತಿ' ಅನ್ನೋದು ಸಂಸ್ಕೃತದ 'ಭುಕ್ತಿ'ಯ ತದ್ಭವ. ದಾರಿಗೆ ಕಟಗೊಂಡು ಹೋಗೋ ಊಟಕ್ಕೂ ಬುತ್ತಿ ಅಂತೀವಿ, ಮೊಸರು ಕಲಸಿದ ಅನ್ನಕ್ಕೂ ಬುತ್ತಿ ಅಂತೀವಿ. ಗಂಟಿನಾಗ ಇರತಿದ್ದದ್ದು ಜ್ವಾಳದ ಕಡಕ ರೊಟ್ಟಿ, ಒಣ ಹಿಂಡಿ, ಒಂದೆರಡು ಉಳ್ಳಾಗಡ್ಡಿ, ಒಂದೀಟು ಉಪ್ಪು, ಬೆಲ್ಲ. ಎಲ್ಲಾ ಒಣಾ ಪದಾರ್ಥ. ಬ್ಯಾಸಿಗ್ಯಾಗ ಅಡಗಿ ಕೆಡಸೋದು ಅದರೊಳಗಿನ ನೀರು. ನೀರ ಇಲ್ಲದ ರೊಟ್ಟಿ ಒಂದು ದಿವಸ ಅಲ್ಲ, ಒಂದು ತಿಂಗಳ ಇಟ್ರೂ ಹಂಗ ಇರತದ.

ಈ ಗಂಟೂ ಮದಲಿಂದ ಹಿಂಗ ಇತ್ತು ಅಂತ ತಿಳೀಬ್ಯಾಡ್ರಿ. ಸೇಂಗಾ ಹಿಂಡಿ ಇಲ್ಲದ ಬುತ್ತಿ ನಮಗ ಬುತ್ತಿ ಅನಸೂದಿಲ್ಲ. ಆದ್ರ ಸೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕಾ ಖಂಡದವು. ಪೋರ್ತುಗೀಸರು ಗೋವಾ ಹಿಡಿದದ್ದು 1510ರಾಗ. ಮೆಣಸಿನಕಾಯಿ ನಮ್ಮ ದೇಶಕ್ಕ ಬಂದದ್ದು ಅವರ ಕೈಯಿಂದನ. ಅದಕ್ಕೂ ಮದಲ ಖಾರ ಅಂದ್ರ ಕರೇ ಮೆಣಸು, ಹಿಂಡಿ ಅಂದ್ರ ಗುರೆಳ್ಳು, ಅಗಸಿ. ಸಾಮಾನು ಬದಲಾತು, 'ಒಣಾ ಇರಬೇಕು, ಹಗೂರ ಇರಬೇಕು' ಅನ್ನೋ ಲೆಕ್ಕ ಬದಲಾಗಲಿಲ್ಲ.

ಒಂದ ಒಂದು ಹಸಿ ಪದಾರ್ಥ ಅಂದ್ರ ಮೊಸರ ಬುತ್ತಿ. ಅದಕ್ಕೂ ಒಂದು ಯುಕ್ತಿ ಇತ್ತು. ಮುಂಜಾನೆ ಅನ್ನಕ್ಕ ಮೊಸರು ಹಾಕತಿದ್ದಿಲ್ಲ. ಕಾಸಿ ಆರಿಸಿದ ಹಾಲು ಕಲಸಿ, ಮ್ಯಾಲೆ ಒಂದು ಚಮಚ ಮೊಸರು ಬಿಡೋದು. ಮಧ್ಯಾಹ್ನ ಗಂಟು ಬಿಚ್ಚೋದ್ರಾಗ ದಾರ್ಯಾಗನ ಹೆಪ್ಪಾಗಿ, ಹುಳಿ ಆಗದಂಗ ಇರತಿತ್ತು. ಗಂಟು ಕಟ್ಟಿದ ಅರಬಿಗೂ ಒಂದ ಕೆಲಸ ಅಲ್ಲ. ಹಾಸಿದ್ರ ಊಟಕ್ಕ ಕೂಡೋ ಜಾಗ, ತೋಯಿಸಿ ತಲಿಮ್ಯಾಲೆ ಹಾಕೊಂಡ್ರ ಬಿಸಲಿಗೆ ನೆರಳು. ತಂಬಿಗಿಗೆ ಹಗ್ಗ ಕಟ್ಟಿದ್ರ ಅದ ಕೊಡ, ಅದ ಗ್ಲಾಸು.

ಈಗ ದಾರಿ ಮಾತು. ತಂಬಿಗಿ ಖಾಲಿನ ಒಯ್ಯಬಹುದಿತ್ತು, ಯಾಕಂದ್ರ ನೀರು ದಾರ್ಯಾಗ ಸಿಗತಿತ್ತು. ಅಶೋಕ ತನ್ನ ಎರಡನೇ ಬಂಡೆಗಲ್ಲ ಶಾಸನದಾಗ ದಾರಿಗುಂಟ ಬಾವಿ ತೋಡಿಸಿದ್ದು, ಗಿಡ ಹಚ್ಚಿಸಿದ್ದು ಹೇಳ್ಯಾನ. ಮನುಷ್ಯಾರಿಗಷ್ಟ ಅಲ್ಲ, ದನಕರಕ್ಕೂ ಸೇರಿ. ನಮ್ಮ ಕನ್ನಡ ಶಾಸನಗಳೊಳಗ ಅರವಟ್ಟಿಗೆಗೆ ದಾನ ಕೊಟ್ಟ ಮಾತು ಬರತಾವ. ಗದಗಿನ ಹತ್ತರದ ಲಕ್ಕುಂಡ್ಯಾಗ ಕಲ್ಯಾಣದ ಚಾಲುಕ್ಯರ ಕಾಲದ ಮೆಟ್ಟಿಲ ಬಾವಿ ಇವತ್ತೂ ನೋಡಬಹುದು. ಮಾಣಿಕೇಶ್ವರ ಗುಡಿ ಮಗ್ಗಲದ ಮುಸುಕಿನ ಬಾವಿಗೆ ಇಳದ್ರ, ಹೊರಗಿನ ಬಿಸಲು ಮ್ಯಾಲೆ ಉಳದು ತಂಪು ಹತ್ತತದ. ಹಿಂಗ ರಾಜರು, ದಾನ ಮಾಡಿದ ಹೆಣ್ಣಮಕ್ಕಳು, ಊರ ಮಂದಿ ಕೂಡಿ ನೀರಿನ ಭಾರ ದಾರಿಮ್ಯಾಲೆ ಇಟ್ಟಿದ್ರು. ಅದಕ್ಕ ನಡಿಯೋರ ಹೆಗಲು ಹಗೂರ ಇತ್ತು.

ಆದ್ರ ಎಲ್ಲಾರ ಹೆಗಲೂ ಅಲ್ಲ. ಇದನ್ನ ಬಿಟ್ಟು ಹಳೇ ಕಾಲ ಹೊಗಳಿದ್ರ ಸುಳ್ಳ ಹೇಳಿದಂಗ ಆಗತದ. ಆ ಬಾವಿಗೆ ತಂಬಿಗಿ ಬಿಡೋ ಹಕ್ಕು ದಲಿತರಿಗೆ ಇದ್ದಿಲ್ಲ. ಯಾರೆರ ಮ್ಯಾಲಿಂದ ಸುರದ್ರ ಬೊಗಸ್ಯಾಗ ಕುಡೀಬೇಕು, ಇಲ್ಲಾ ತಮ್ಮ ನೀರು ತಾವ ಹೊರಬೇಕು. ನಮ್ಮ ಧಾರವಾಡ ಜಿಲ್ಲಾ ಆಗ ಮುಂಬೈ ಪ್ರಾಂತದೊಳಗ ಇತ್ತು. ಅದ ಪ್ರಾಂತದ ಮಹಾಡದಾಗ 1927ರ ಮಾರ್ಚ್ 20ಕ್ಕ ಡಾ. ಅಂಬೇಡ್ಕರ್ ಅವರು ಸಾವಿರಾರು ಮಂದಿ ಕರಕೊಂಡು ಚವದಾರ ಕೆರಿ ನೀರು ಕುಡಿದ್ರು. ಒಂದು ಬೊಗಸಿ ನೀರಿಗೆ ಅಷ್ಟು ದೊಡ್ಡ ಹೋರಾಟ ಬೇಕಾತು. ರೈಲು ಬಂದ ಮ್ಯಾಲೂ ಬ್ರಿಟಿಷರ ಕಾಲದ ಸ್ಟೇಷನ್ನಿನಾಗ 'ಹಿಂದೂ ನೀರು', 'ಮುಸಲ್ಮಾನ ನೀರು' ಅಂತ ಬ್ಯಾರೆ ಬ್ಯಾರೆ ಇಡತಿದ್ರು.

ಮುಂದ ನೀರು ಬಾಟ್ಲಿಯೊಳಗ ಬಂತು. ಬಿಸ್ಲೆರಿ ಮುಂಬೈದಾಗ 1965ರಾಗ ಶುರು ಆದಾಗ ಗಾಜಿನ ಬಾಟ್ಲಿ ಇತ್ತು. ಈಗ ನಾವು ಹಿಚಕಿ ಒಗಿಯೋ ಪ್ಲಾಸ್ಟಿಕ್ ಬಾಟ್ಲಿಗೆ ಅಮೆರಿಕಾದ ನ್ಯಾಥೆನಿಯಲ್ ವೈಯತ್ ಪೇಟೆಂಟ್ ತಗೊಂಡದ್ದು 1973ರಾಗ. ಬಾಟ್ಲಿ ಯಾರ ಜಾತಿನೂ ಕೇಳಲಿಲ್ಲ, ಅದು ಖರೇ. ಆದ್ರ ರೊಕ್ಕ ಕೇಳ್ತು. ದಾರಿ ಬಾವಿಗೆ ಕಸಾ ಬಿತ್ತು, ನೀರಿನ ಭಾರ ತಿರುಗಿ ಮನಿ ಚೀಲಕ್ಕ ಬಂತು. ಲೆಕ್ಕ ಹಾಕ್ರಿ: ತಲಿಗೆ ಎರಡು ಲೀಟರ ಅಂದ್ರೂ ನಾಕು ಮಂದಿಗೆ ಎಂಟು ಕೇಜಿ. ಚೀಲ ದೊಡ್ಡದ ಆದದ್ದು ನಮ್ಮ ಹುಚ್ಚಿಗಷ್ಟ ಅಲ್ಲ.

ಹಂಗಾಗಿ ಈಗಿನ ಗಂಟಿನಾಗ ನೀರು ಕಡಿಮಿ ಮಾಡಬ್ಯಾಡ್ರಿ, ಉಳದದ್ದು ಕಡಿಮಿ ಮಾಡ್ರಿ. ತಲಿಗೊಂದು ಸ್ಟೀಲ ಬಾಟ್ಲಿ. ಕಡಕ ರೊಟ್ಟಿ, ಹಿಂಡಿ, ಮ್ಯಾಲೆ ಹೇಳಿದಂಗ ಕಲಸಿದ ಬುತ್ತಿ. ಎರಡು ಹತ್ತಿ ಅರಬಿ. ಒಂದು ಪುಡಕ್ಯಾಗ ಆರು ಸಣ್ಣ ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಯಾರಿಗರ ವಾಂತಿ, ಜುಲಾಬು ಆಗಿ ಸುಸ್ತಾದ್ರ ಒಂದು ಲೀಟರ ಚಲೋ ನೀರಿಗೆ ಅದಿಷ್ಟೂ ಹಾಕಿ ಸ್ವಲ್ಪ ಸ್ವಲ್ಪ ಕುಡಸ್ರಿ. ಬಾದಾಮಿ ಕಡೆ ಹೊಂಟಿದ್ರ ರೊಟ್ಟಿನೂ ಬ್ಯಾಡ. ಬನಶಂಕರಿ ಗುಡಿ ಮುಂದ ಬುಟ್ಟಿ ಹೊತ್ತ ಹೆಣ್ಣಮಕ್ಕಳು ರೊಟ್ಟಿ, ಪಲ್ಯ, ಸಣ್ಣ ಗಡಿಗ್ಯಾಗಿನ ಮೊಸರು ಮಾರತಾರ. ಅವರ ಹತ್ತರ ತಗೊಂಡು ಅಲ್ಲೇ ಕೂತು ಉಣ್ರಿ.

ಇನ್ನೊಂದು ಮಾತು. ನಿಮ್ಮ ಮನಿ ರಸ್ತಾಕ್ಕ ಹತ್ತಿದ್ದರ ಯುಗಾದಿಯಿಂದ ಮಳಿ ಬೀಳೋತನಕ ಗೇಟಿನ ಹೊರಗ ನೆರಳಾಗ ಒಂದು ಗಡಿಗಿ ಇಡ್ರಿ. ಮ್ಯಾಲೆ ಮುಚ್ಚಳ, ತಕ್ಕೊಳ್ಳಿಕ್ಕೆ ಉದ್ದ ಹಿಡಿಕಿ ಸವಟು, ದಿನಾ ಮುಂಜಾನೆ ತೊಳದು ಹೊಸಾ ನೀರು. ಯಾರು ಕುಡಿದ್ರು ಅಂತ ನೋಡಬ್ಯಾಡ್ರಿ, ಸಂಜಿಕ್ಕ ಗಡಿಗಿ ಖಾಲಿ ಆಗೇದೇನು ಅಷ್ಟ ನೋಡ್ರಿ.